ಮುಚ್ಚಳದ ಲೆಕ್ಕ

ಚಾಮರಾಜನಗರದ ಮಂಡಿಯಲ್ಲಿ ಅರಿಶಿನ ತೂಕಕ್ಕೆ ಬಿದ್ದಾಗ ನಮ್ಮ ರೈತ ತಕ್ಕಡಿಯ ಅಂಕಿಯಿಂದ ಕಣ್ಣು ಕೀಳುವುದಿಲ್ಲ. ಚೀಲಕ್ಕೆಂದು ಅರ್ಧ ಕೆ.ಜಿ. ಹೆಚ್ಚು ಕಳೆದರೆ ಅಲ್ಲೇ ನಿಂತು ಜಗಳ ತೆಗೆಯುತ್ತಾನೆ. ತೆಗೆಯಲೇಬೇಕು, ಅದು ಒಂಬತ್ತು ತಿಂಗಳ ಬೆವರು. ಆದರೆ ಅದೇ ಅರಿಶಿನಕ್ಕೆ ಔಷಧಿ ಹೊಡೆಯುವಾಗ ಈ ಲೆಕ್ಕದ ಮನುಷ್ಯ ಎಲ್ಲಿ ಹೋಗಿರುತ್ತಾನೆ? ಬಾಟಲಿ ಬಗ್ಗಿಸುತ್ತಾನೆ, ಮುಚ್ಚಳ ತುಂಬುತ್ತಾನೆ, ಟ್ಯಾಂಕಿಗೆ ಸುರಿಯುತ್ತಾನೆ. ‘ಎಷ್ಟು ಹಾಕ್ದೆ?’ ಎಂದರೆ ‘ಒಂದ್ ಮುಚ್ಚಳ, ಸ್ವಲ್ಪ ಮೇಲೆ’. ಆ ‘ಸ್ವಲ್ಪ ಮೇಲೆ’ ಎಷ್ಟು ಎಂದು ಕೇಳಿದವನೇ ದಡ್ಡ.

ಹಳ್ಳಿಗಾಡು, ಓದಿಲ್ಲ, ಹೇಳುವವರಿಲ್ಲ ಎಂಬ ಸಮಾಧಾನವನ್ನು ಬೇರೆ ಯಾವ ಊರಿಗಾದರೂ ಹೇಳಿ. ಹರದನಹಳ್ಳಿಗೆ ಹೇಳಬೇಡಿ. ಚಾಮರಾಜನಗರ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇರುವುದು ಹರದನಹಳ್ಳಿ ಫಾರಂನಲ್ಲೇ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ರೈತರು ಬಸ್ಸು ಹತ್ತಿ ಬರಬೇಕಾದ ಜಾಗ ಈ ಊರಿನವರಿಗೆ ಕಾಲ್ನಡಿಗೆಯ ದೂರ. ದಾರಿಯಲ್ಲಿ ದಿನಾ ಬೋರ್ಡು ಕಾಣುತ್ತದೆ. ಆದರೂ ಟೊಮೇಟೊ ಎಲೆ ಮುದುಡಿದರೆ ಎಲೆ ಕಿತ್ತುಕೊಂಡು ಹೋಗುವುದು ಔಷಧಿ ಅಂಗಡಿಗೆ. ಬೆಳೆ ಉಳಿದರೆ ಊರ ದಿವ್ಯಲಿಂಗೇಶ್ವರನಿಗೆ ಪೂಜೆ, ಹೋದರೆ ಕಂಪನಿಗೆ ಬೈಗುಳ. ನಡುವೆ ನಿಂತಿರುವ ಪಂಪನ್ನು, ನಾಜಲನ್ನು, ಮುಚ್ಚಳವನ್ನು ವಿಚಾರಿಸುವವರೇ ಇಲ್ಲ.

ಮುಚ್ಚಳವನ್ನೇ ಮೊದಲು ವಿಚಾರಿಸೋಣ. ನೂರು ಎಂ.ಎಲ್. ಬಾಟಲಿಯ ಮುಚ್ಚಳಕ್ಕೂ ಒಂದು ಲೀಟರ್ ಬಾಟಲಿಯ ಮುಚ್ಚಳಕ್ಕೂ ಐದು ಲೀಟರ್ ಕ್ಯಾನಿನ ಮುಚ್ಚಳಕ್ಕೂ ಹಿಡಿಸುವ ಪ್ರಮಾಣ ಒಂದೇ ಅಲ್ಲ. ಲೀಟರಿಗೆ ಅರ್ಧ ಎಂ.ಎಲ್. ಸಾಕೆಂದು ಚೀಟಿಯಲ್ಲಿ ಬರೆದಿರುವ ಔಷಧಿ ಎಂದಿಟ್ಟುಕೊಳ್ಳಿ. ಹದಿನಾರು ಲೀಟರ್ ಟ್ಯಾಂಕಿಗೆ ಬೇಕಾದ್ದು 8 ಎಂ.ಎಲ್. ಕೈಗೆ ಸಿಕ್ಕ ಮುಚ್ಚಳ 20 ಎಂ.ಎಲ್. ಹಿಡಿಸಿದರೆ ಬೆಳೆಗೆ ಬಿದ್ದದ್ದು ಎರಡೂವರೆ ಪಟ್ಟು. ನೆರೆಯವನದ್ದು 5 ಎಂ.ಎಲ್. ಮುಚ್ಚಳವಾದರೆ ಅವನ ಹುಳ ಸಾಯುವುದಿಲ್ಲ. ಅವನು ಬಂದು ‘ಈ ಸಲ ಔಷಧಿನೇ ಡೂಪ್ಲಿಕೇಟು ಕಣಣ್ಣ’ ಎನ್ನುತ್ತಾನೆ, ಇವನು ‘ನಂದೂ ಅಂಗೇ, ಎಲೆ ಸುಟ್ಟೋಯ್ತು’ ಎನ್ನುತ್ತಾನೆ. ಇಬ್ಬರೂ ಸೇರಿ ಅಂಗಡಿಯವನ ಮೇಲೆ ಹೋಗುತ್ತಾರೆ. ನಕಲಿ ಔಷಧಿ ಮಾರುವವರು ಇಲ್ಲವೆಂದಲ್ಲ, ಇದ್ದಾರೆ. ಅಳೆಯದೆ ಹೊಡೆದವನಿಗೆ ಅದನ್ನು ಸಾಬೀತು ಮಾಡುವ ದಾರಿ ಮಾತ್ರ ಇರುವುದಿಲ್ಲ. ಗೆರೆ ಹಾಕಿದ ಅಳತೆ ಲೋಟ ಚಿನ್ನದ ಬೆಲೆಯದೇನಲ್ಲ. ಮಗುವಿನ ಕೆಮ್ಮಿನ ಸಿರಪ್ಪಿಗೆ ಐದು ಎಂ.ಎಲ್. ಗೆರೆಯನ್ನು ಬೆಳಕಿಗೆ ಹಿಡಿದು ನೋಡುವ ಮನೆಗಳೇ ಇವು.

ಇನ್ನು ಪಂಪು. ‘ಪಂಪು ಸರಿಗಿಲ್ಲ, ಹೊಡೆತ ಕಮ್ಮಿ’ ಎಂಬ ದೂರು ಬಂದ ಕೂಡಲೇ ಬಹಳ ಜನ ಮಾಡುವ ಕೆಲಸ, ನಾಜಲ್ ಬಿಚ್ಚಿ ಬಾಯಿಗಿಟ್ಟು ಊದುವುದು. ಕೈಯಲ್ಲಿ ವಿಷ, ತುಟಿಯಲ್ಲಿ ವಿಷ, ಆಮೇಲೆ ಅದೇ ಬಾಯಿಗೆ ಬೀಡಿ. ಊದಲು ಮನಸ್ಸಿಲ್ಲದವನು ಪಿನ್ನು ತರುತ್ತಾನೆ, ಇಲ್ಲವೇ ಸೈಕಲ್ ಕಡ್ಡಿ. ತಂತಿ ತೂರಿಸಿದ ನಾಜಲಿನ ತೂತು ದೊಡ್ಡದಾಗುತ್ತದೆ, ಓರೆಯಾಗುತ್ತದೆ. ಮಂಜಿನ ಹಾಗೆ ಬರಬೇಕಾದದ್ದು ಒಂದು ಕಡೆ ಧಾರೆ, ಇನ್ನೊಂದು ಕಡೆ ಖಾಲಿ. ಹೊಡೆತ ಜೋರಾಯಿತೆಂದು ಅವನಿಗೆ ಖುಷಿ! ಹೊಸ ನಾಜಲಿಗಿಂತ ಹರಿವು ಶೇಕಡಾ 10ರಷ್ಟು ಹೆಚ್ಚಿದರೆ ಆ ನಾಜಲನ್ನು ಬಿಸಾಡಬೇಕೆಂಬುದು ಸಿಂಪಡಣೆಯ ಪಾಠದಲ್ಲಿ ಮೊದಲ ಪುಟದ ಮಾತು. ಕಟ್ಟಿಕೊಂಡ ನಾಜಲಿಗೆ ಬೇಕಾದ್ದು ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷು, ಅಷ್ಟೇ.

ನಾಜಲ್ ಕಟ್ಟಿಕೊಳ್ಳುವುದೇಕೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಟ್ಯಾಂಕಿನ ಬಾಯಿಗೆ ಜರಡಿ ಕೊಟ್ಟಿರುತ್ತಾರೆ. ನೀರು ಬೇಗ ಇಳಿಯಲಿ ಎಂದು ಮೊದಲ ವಾರವೇ ಅದನ್ನು ಕಿತ್ತು ಬದುವಿಗೆ ಎಸೆದಿರುತ್ತೀರಿ. ಕೆರೆಯ ನೀರು, ಗುಂಡಿಯ ನೀರು, ಪಾಚಿ, ಮರಳು ಎಲ್ಲ ನೇರ ಒಳಗೆ. ಹಿಡಿಕೆಯೊಳಗೆ ಇನ್ನೊಂದು ಸಣ್ಣ ಜಾಳಿಗೆ ಇರುತ್ತದೆ ಎನ್ನುವುದು ಪಂಪು ತಂದು ಮೂರು ವರ್ಷವಾದರೂ ಗೊತ್ತಿರದ ಮನೆಗಳಿವೆ. ಒತ್ತಡ ಬಾರದಿದ್ದರೆ ಆ ಜಾಳಿಗೆ, ಆಮೇಲೆ ವಾಷರ್, ಆಮೇಲೆ ವಾಲ್ವು, ಈ ಸಾಲಿನಲ್ಲಿ ನೋಡುತ್ತಾ ಹೋದರೆ ಅರ್ಧ ಗಂಟೆಯ ಕೆಲಸ. ಮುಚ್ಚಳದ ರಬ್ಬರ್ ಸವೆದು ಬೆನ್ನಿಗೆ ಸೋರುವ ಪಂಪಿಗೆ ಗೋಣಿಪಟ್ಟಿ ಹೊದಿಸಿ ಹೊತ್ತು ತಿರುಗುವವರನ್ನು ಏನೆನ್ನಬೇಕು? ಒದ್ದೆ ಗೋಣಿ ವಿಷವನ್ನು ತಡೆಯುವುದಿಲ್ಲ, ಸಂಜೆವರೆಗೂ ಚರ್ಮಕ್ಕೆ ಒತ್ತಿ ಹಿಡಿದಿರುತ್ತದೆ.

ಬ್ಯಾಟರಿ ಪಂಪಿನದು ಇನ್ನೊಂದು ಕಥೆ. ರಾತ್ರಿ ಪೂರ್ತಿ ಚಾರ್ಜ್ ಆಗಿರುವುದಿಲ್ಲ. ಬೆಳಿಗ್ಗೆ ಚೆನ್ನಾಗಿ ಬರುತ್ತದೆ, ಐದಾರು ಟ್ಯಾಂಕ್ ಆಗುವ ಹೊತ್ತಿಗೆ ಮೋಟರಿನ ಸದ್ದು ಇಳಿಯುತ್ತದೆ, ಹನಿ ದಪ್ಪವಾಗುತ್ತದೆ, ಹರಿವು ಕುಗ್ಗುತ್ತದೆ. ನಡಿಗೆ ಮಾತ್ರ ಅದೇ. ಅಂದರೆ ಹೊಲದ ಕೊನೆಯ ಸಾಲುಗಳಿಗೆ ಸೇರಬೇಕಾದಷ್ಟು ಸೇರಿರುವುದಿಲ್ಲ. ಹದಿನೈದು ದಿನ ಕಳೆದು ಆ ಮೂಲೆಯಲ್ಲೇ ಹುಳ ಕಂಡಾಗ ‘ಡೋಸ್ ಸಾಲದು’ ಎಂದು ಇಡೀ ಹೊಲಕ್ಕೆ ಅರ್ಧ ಮುಚ್ಚಳ ಏರಿಸುತ್ತಾರೆ. ಬ್ಯಾಟರಿಯ ತಪ್ಪಿಗೆ ಬೆಳೆಗೆ ದಂಡ.

ಎಚ್‌ಟಿಪಿ ಪಂಪು ಇಟ್ಟುಕೊಂಡ ದೊಡ್ಡ ಹಿಡುವಳಿದಾರರು ತಾವು ಇದರಿಂದ ಪಾರು ಎಂದುಕೊಳ್ಳಬೇಡಿ. ಇನ್ನೂರು ಲೀಟರ್ ಡ್ರಮ್ಮಿಗೆ ಮ್ಯಾಂಕೋಜೆಬ್ ಪುಡಿ ಸುರಿದು ಕೋಲಿನಲ್ಲಿ ಎರಡು ಸುತ್ತು ತಿರುಗಿಸಿ ಪೈಪು ಎಳೆದುಕೊಂಡು ಬಾಳೆ ತೋಟಕ್ಕೆ ನುಗ್ಗುತ್ತೀರಿ. ಆ ಪುಡಿ ನೀರಿನಲ್ಲಿ ಕರಗುವಂಥದ್ದಲ್ಲ, ತೇಲುವಂಥದ್ದು. ಕಲಕುತ್ತಲೇ ಇರದಿದ್ದರೆ ತಳಕ್ಕೆ ಕೂರುತ್ತದೆ. ನೀರೆಳೆಯುವ ಪೈಪು ಇರುವುದೂ ತಳದಲ್ಲೇ. ಮೊದಲ ಸಾಲಿಗೆ ಗಂಜಿ, ಕೊನೆಯ ಸಾಲಿಗೆ ತಿಳಿನೀರು. ಒಂದೇ ಡ್ರಮ್ಮು, ಒಂದೇ ಪ್ಯಾಕೆಟ್ಟು, ಎರಡು ಬೇರೆ ಬೇರೆ ಔಷಧಿ ಹೊಡೆದ ಹಾಗಾಯಿತು. ಪಂಪಿನಿಂದ ವಾಪಸು ಬರುವ ಬೈಪಾಸ್ ಪೈಪನ್ನು ಡ್ರಮ್ಮಿನ ತಳದವರೆಗೆ ಇಳಿಬಿಟ್ಟರೆ ಅದೇ ಕಲಕುತ್ತದೆ. ಅದನ್ನು ಡ್ರಮ್ಮಿನ ಕಂಠಕ್ಕೆ ಸಿಕ್ಕಿಸಿ ಮೇಲಿಂದ ನೀರು ಬೀಳುವ ಹಾಗೆ ಬಿಟ್ಟಿದ್ದರೆ ನೊರೆ ಏಳುತ್ತದೆ. ಪೈಪಿನಲ್ಲಿ ರಭಸವಾಗಿ ನೀರು ಬಿಟ್ಟು ತುಂಬಿಸಿದಾಗಲೂ ಅಷ್ಟೇ. ನೊರೆಯನ್ನೇ ಮಟ್ಟವೆಂದುಕೊಂಡು ನಿಲ್ಲಿಸಿದರೆ ನೀರು ಕಡಿಮೆ, ಔಷಧಿ ಗಾಢ. ನೊರೆ ಉಕ್ಕಿ ಹೊರಗೆ ಚೆಲ್ಲಿದರೆ ಎಷ್ಟು ಹೋಯಿತು ಎಂಬುದಕ್ಕೆ ಲೆಕ್ಕವೇ ಇಲ್ಲ. ನೊರೆಯ ಜೊತೆ ಗಾಳಿ ಒಳಗೆ ಹೋದರೆ ಪಂಪು ಬಿಕ್ಕಳಿಸುತ್ತದೆ. ಆಗ ಮೆಕ್ಯಾನಿಕ್‌ಗೆ ಫೋನು.

ಎಕರೆಗೆ ಎಷ್ಟು ನೀರು ಹೊಡೆಯುತ್ತೀರಿ ಎಂದು ಹತ್ತು ಜನರನ್ನು ಕೇಳಿ. ಹತ್ತು ಉತ್ತರ ಬರುತ್ತದೆ, ಒಂದನ್ನೂ ಯಾರೂ ಅಳೆದಿರುವುದಿಲ್ಲ. ಇದಕ್ಕೆ ವಿಜ್ಞಾನಿ ಬೇಡ. ಒಂದು ಗುಂಟೆ ಅಳೆದು ನಾಲ್ಕು ಕಡ್ಡಿ ನೆಡಿ. ಟ್ಯಾಂಕಿಗೆ ಬರೀ ನೀರು ತುಂಬಿ, ನಿಮ್ಮ ಎಂದಿನ ನಡಿಗೆಯಲ್ಲೇ ಆ ಗುಂಟೆಗೆ ಹೊಡೆಯಿರಿ. ಮತ್ತೆ ಟ್ಯಾಂಕ್ ತುಂಬಲು ಎಷ್ಟು ನೀರು ಹಿಡಿಯಿತೆಂದು ಅಳೆಯಿರಿ. 2.7 ಲೀಟರ್ ಹಿಡಿಯಿತೆನ್ನಿ. ನಲವತ್ತು ಗುಂಟೆಗೆ 108 ಲೀಟರ್, ಅಂದರೆ ಹದಿನಾರು ಲೀಟರಿನ ಏಳು ಟ್ಯಾಂಕಿಗೆ ಸ್ವಲ್ಪ ಕಡಿಮೆ. ಚೀಟಿ ಎಕರೆಗೆ 100 ಎಂ.ಎಲ್. ಎಂದಿದ್ದರೆ ಟ್ಯಾಂಕಿಗೆ 15 ಎಂ.ಎಲ್. ಮುಗಿಯಿತು. ನಾಜಲ್ ಸವೆದು ಹರಿವು ಕಾಲುಪಾಲು ಹೆಚ್ಚಿದ್ದರೆ ಅದೇ ಎಕರೆಗೆ 135 ಲೀಟರ್ ಹೋಗುತ್ತದೆ. ಟ್ಯಾಂಕಿಗೆ ಹದಿನೈದರ ಲೆಕ್ಕದಲ್ಲೇ ನಡೆದರೆ 127 ಎಂ.ಎಲ್. ಬಿದ್ದಿರುತ್ತದೆ. ಬಡ್ಡಿ ಲೆಕ್ಕವನ್ನು ಬಾಯಲ್ಲೇ ಹಾಕುವ ಊರಿಗೆ ಈ ಗುಣಾಕಾರ ಕಷ್ಟವೆಂದು ನಾನು ನಂಬುವುದಿಲ್ಲ.

ಡ್ರೋನ್ ಬಂದ ಮೇಲಂತೂ ಈ ಲೆಕ್ಕ ಬಾರದವರಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಬೆನ್ನಿನ ಪಂಪಿನಲ್ಲಿ ನೂರು ಲೀಟರ್ ನೀರಿನಲ್ಲಿ ಹೋಗುತ್ತಿದ್ದ ಔಷಧಿ ಡ್ರೋನಿನಲ್ಲಿ ಹತ್ತು ಲೀಟರ್ ಆಸುಪಾಸಿನಲ್ಲಿ ಹೋಗುತ್ತದೆ. ಲೀಟರಿಗೆ ಇಷ್ಟು ಎಂದು ಕಲಿತವನು ಅಲ್ಲಿ ಎಕರೆಗೆ ಹತ್ತರಲ್ಲೊಂದು ಪಾಲು ಹಾಕಿ ಬರುತ್ತಾನೆ.

ಈಗ ಎಲ್ಲಕ್ಕಿಂತ ಕೆಟ್ಟ ಚಾಳಿ: ಬೆರಕೆ. ಹುಳಕ್ಕೊಂದು, ರೋಗಕ್ಕೊಂದು, ಬೆಳವಣಿಗೆಗೆ 19:19:19, ಹೂ ನಿಲ್ಲಲು ಇನ್ನೊಂದು, ಅಂಟಿಗೆ ಮತ್ತೊಂದು, ಎಲ್ಲ ಒಂದೇ ಟ್ಯಾಂಕಿಗೆ. ಕೂಲಿ ಉಳಿಯುತ್ತದಂತೆ. ಅಂಗಡಿಯ ಬಿಲ್ಲಿನಲ್ಲಿ ಐದು ಸಾಲು ಇದ್ದರೆ ಒಳ್ಳೆಯ ಡಾಕ್ಟರನ್ನು ಕಂಡು ಬಂದಷ್ಟು ತೃಪ್ತಿ. ಔಷಧಿ ಮಾರುವವರಿಗೆಂದೇ ದೇಸಿ ಎಂಬ ಒಂದು ವರ್ಷದ ಡಿಪ್ಲೊಮಾ ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯಿಂದ 2003ರಿಂದ ನಡೆಯುತ್ತಿದೆ. ಅದನ್ನು ಓದಿ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿದ ಅಂಗಡಿಯವರಿಗೂ ಒಂದು ಮಾತು: ಐದು ಡಬ್ಬಿ ಕಟ್ಟಿಕೊಡುವ ಮೊದಲು ಅವನ್ನು ಒಂದೇ ನೀರಿಗೆ ಹಾಕಬಹುದೇ ಎಂದು ಹೇಳುವ ಬಾಧ್ಯತೆ ನಿಮ್ಮದು. ಚೀಟಿಯ ಹಿಂದೆ ಪೆನ್ನಿನಲ್ಲಿ ‘1 ಮು.’ ಎಂದು ಗೀಚಿ ಕಳಿಸುವುದು ಸಲಹೆಯಲ್ಲ.

ಬೆರೆಸಲೇಬೇಕಾದರೆ ಪರೀಕ್ಷೆ ಇದೆ. ಒಂದು ಪಾರದರ್ಶಕ ಬಾಟಲಿಯಲ್ಲಿ ಅದೇ ಪ್ರಮಾಣದಲ್ಲಿ ಸ್ವಲ್ಪವೇ ಬೆರೆಸಿ ಅರ್ಧ ಗಂಟೆ ಬಿಡಿ. ಮೊಸರಿನಂತೆ ಒಡೆದರೆ, ಗಸಿ ಕೂತರೆ, ಬಾಟಲಿ ಬಿಸಿಯಾದರೆ ಆ ಬೆರಕೆ ಬೇಡ. ಕೂಡುವಂಥವಾದರೂ ಕ್ರಮ ತಪ್ಪಬಾರದು. ಅರ್ಧ ಟ್ಯಾಂಕ್ ನೀರಿಗೆ ಮೊದಲು ಪುಡಿ, ಅದೂ ಬೇರೆಯಾಗಿ ಸ್ವಲ್ಪ ನೀರಿನಲ್ಲಿ ಕಲಸಿಕೊಂಡು. ಆಮೇಲೆ ಗಟ್ಟಿ ದ್ರವ, ಆಮೇಲೆ ಹಾಲಾಗುವ ಎಣ್ಣೆಯಂಥದ್ದು, ಕೊನೆಗೆ ನೀರಿನಲ್ಲಿ ಪೂರ್ತಿ ಕರಗುವಂಥದ್ದು. ಎಣ್ಣೆ ಮೊದಲು ಹಾಕಿ ಅದರ ಮೇಲೆ ಪುಡಿ ಸುರಿದರೆ ಗಂಟು ಕಟ್ಟಿ ಜಾಳಿಗೆಗೆ ಮೆತ್ತಿಕೊಳ್ಳುತ್ತದೆ. ಮತ್ತೆ ಬಾಯಿಗೆ ನಾಜಲ್.

ನೀರನ್ನು ಯಾರೂ ಅನುಮಾನಿಸುವುದೇ ಇಲ್ಲ. ಬೋರಿನ ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಗ್ಲೈಫೋಸೇಟನ್ನು ಹಿಡಿದು ಕಟ್ಟಿಹಾಕುತ್ತವೆ. ಮಣ್ಣು ಕದಡಿದ ನೀರಾದರೂ ಅದೇ ಗತಿ, ಕಳೆ ಹಳದಿಯೂ ಆಗುವುದಿಲ್ಲ. ನೀರು ಕ್ಷಾರವಾಗಿದ್ದರೆ ಮಾಲಾಥಿಯಾನ್‌ನಂಥವು ಕೆಲವೇ ಗಂಟೆಗಳಲ್ಲಿ ಒಡೆದು ಹೋಗುತ್ತವೆ, ಕ್ಯಾಪ್ಟಾನ್ ನಿಮಿಷಗಳಲ್ಲೇ. ಬೆಳಿಗ್ಗೆ ಕಲಸಿಟ್ಟು, ತಿಂಡಿ ತಿಂದು, ಮದುವೆಮನೆಗೆ ತಲೆ ಹಾಕಿ ಬಂದು ಮಧ್ಯಾಹ್ನ ಹೊಡೆಯುವವನು ಹೊಡೆಯುತ್ತಿರುವುದು ಬಣ್ಣದ ನೀರು.

ಇದೇ ನಾಡಿನಲ್ಲಿ ನೂರು ವರ್ಷದ ಹಿಂದೆಯೇ ಬೆರಕೆಯ ಪ್ರಮಾಣವನ್ನು ಕಲಿಸಿದ ಮನುಷ್ಯನೊಬ್ಬನಿದ್ದ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮಲೆನಾಡಿನ ಅಡಿಕೆ ಕೊಳೆರೋಗದ ಬೆನ್ನು ಹತ್ತಿದರು, ಬೋರ್ಡೊ ದ್ರಾವಣವನ್ನು ತೋಟಗಳಿಗೆ ತಂದರು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಬೇಕು, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಕಬ್ಬಿಣದ ಪಾತ್ರೆ ಕೂಡದು, ಅದೇ ದಿನ ಮುಗಿಸಬೇಕು. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಎಲ್ಲ ಬಿಗಿ ನಿಯಮವೇ. ಮಳೆಯ ಬಿಡುವು ನೋಡಿ ಮರದ ಮೇಲೆ ಕೂತು ಹೊಡೆಯಬೇಕಾದ ಜನ ಅಲಗು ಅದ್ದಿ ನೋಡುವುದನ್ನು ಅಭ್ಯಾಸ ಮಾಡಿಕೊಂಡರು. ಜೇಬಿನಲ್ಲಿ ಫೋನಿಟ್ಟುಕೊಂಡ ನಮಗೆ ಡಬ್ಬಿಯ ಜೊತೆ ಬಂದ ಕನ್ನಡದ ಚೀಟಿ ಓದಲು ಪುರುಸೊತ್ತಿಲ್ಲ.

ಒಂದೇ ಪಂಪಿನಲ್ಲಿ ಕಳೆನಾಶಕವನ್ನೂ ಕೀಟನಾಶಕವನ್ನೂ ಹೊಡೆಯುವವರ ಸಂಖ್ಯೆ ಕಡಿಮೆಯೇನಲ್ಲ. ಕಬ್ಬಿಗೋ ಜೋಳಕ್ಕೋ 2,4-ಡಿ ಹೊಡೆದು, ನೀರಲ್ಲಿ ಒಂದು ಸಲ ಗಲಬರಿಸಿ, ಮರುವಾರ ಅದೇ ಪಂಪನ್ನು ಹತ್ತಿಗೋ ಟೊಮೇಟೊಗೋ ಒಯ್ಯುತ್ತಾರೆ. ಪೈಪಿನಲ್ಲಿ ಉಳಿದ ಅಷ್ಟಿಷ್ಟೇ ಸಾಕು, ಎಲೆ ಸುರುಟಿ ಬೆರಳಿನಂತೆ ಉದ್ದವಾಗುತ್ತದೆ. ಗುಂಡ್ಲುಪೇಟೆಯ ಚೆಂಡುಹೂ, ಸೂರ್ಯಕಾಂತಿಗೂ ಅದು ಶತ್ರುವೇ. ಮಾಲೀಕ ಅದನ್ನು ವೈರಸ್ ಎಂದು ತಿಳಿದು ಬಿಳಿ ನೊಣಕ್ಕೆ ಔಷಧಿ ತರುತ್ತಾನೆ. ನಿಜವಾಗಿ ವೈರಸ್ಸೇ ಆಗಿದ್ದರೂ, ಮುದುಡಿದ ಗಿಡವನ್ನು ಯಾವ ಕೀಟನಾಶಕವೂ ನೆಟ್ಟಗೆ ಮಾಡದು. ನೊಣವನ್ನು ಮೊದಲೇ ತಡೆಯಬೇಕಿತ್ತು. ಈಗ ಡೋಸ್ ಏರಿಸಿದಷ್ಟೂ ಆ ಔಷಧಿಗೆ ಬಗ್ಗದ ನೊಣಗಳಷ್ಟೇ ಉಳಿದು ಸಂತಾನ ಬೆಳೆಸುತ್ತವೆ. ಕಳೆನಾಶಕಕ್ಕೆ ಬೇರೆ ಪಂಪು ಇಡಿ. ಇಡಲಾಗದಿದ್ದರೆ ಸೋಪಿನ ಪುಡಿ ಹಾಕಿ, ಪೈಪು, ಹಿಡಿಕೆ, ನಾಜಲ್ ಎಲ್ಲದರ ಮೂಲಕ ಮೂರು ಸಲ ನೀರು ಹಾಯಿಸಿ.

‘ಏನಾಗಲ್ಲ ಬುಡಿ, ನಮ್ಮಪ್ಪನ ಕಾಲದಿಂದ ಹಿಂಗೇ ಹೊಡ್ದೀವಿ.’ ಇದೊಂದು ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಏನಾಗುತ್ತದೆ ಎಂದು ನೋಡಬೇಕಾದರೆ 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಆದದ್ದನ್ನು ನೋಡಿ. ಹತ್ತಿ ಆಳೆತ್ತರ ಬೆಳೆದಿತ್ತು, ಸೆಕೆಯಿತ್ತು, ಹಲವು ವಿಷಗಳನ್ನು ಬೆರೆಸಿ ಹೊಡೆದರು. ಆ ಒಂದು ಜಿಲ್ಲೆಯಲ್ಲೇ 20ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಕೂಲಿಗೆ ಹೊಡೆಯಲು ಬಂದವರೂ ಇದ್ದರು. ಗುಂಡ್ಲುಪೇಟೆಯ ಕಡೆ ಬೆಳೆಯುವುದೂ ಹತ್ತಿಯೇ. ಕಾಸರಗೋಡಿನ ಎಣ್ಮಕಜೆಯ ಕನ್ನಡಿಗರನ್ನು ಕೇಳಿ, ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದ ವರ್ಷಗಳಲ್ಲಿ ಅಲ್ಲಿಯೂ ‘ಏನೂ ಆಗುವುದಿಲ್ಲ’ ಎಂದೇ ಹೇಳಿದ್ದರು. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ನಮ್ಮದೇ ಜಿಲ್ಲೆಯ ಸುಳವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಮಾರಮ್ಮನ ಪ್ರಸಾದ ತಿಂದು 17 ಜನ ಹೋದರು. ಅದು ಅಪರಾಧ, ಅಜಾಗರೂಕತೆಯಲ್ಲ, ಒಪ್ಪಿದೆ. ಆದರೆ ಪ್ರಸಾದಕ್ಕೆ ಬೆರೆಸಿದ್ದು ಮೊನೊಕ್ರೊಟೊಫಾಸ್. 2005ರಲ್ಲೇ ತರಕಾರಿಗೆ ಹೊಡೆಯಬಾರದೆಂದು ನಿಷೇಧಿಸಿದ ಆ ವಿಷ ಎಷ್ಟು ಅಡುಗೆಮನೆಗಳ ಅಟ್ಟದಲ್ಲಿ, ಎಷ್ಟು ದನದ ಕೊಟ್ಟಿಗೆಯ ಗೂಡಿನಲ್ಲಿ ಕುಳಿತಿತ್ತು ಎಂದು ಆ ವಾರವಾದರೂ ಯೋಚಿಸಬೇಕಿತ್ತು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಅಲಂಕಾರಕ್ಕಲ್ಲ. ಕೆಂಪು ಅತಿ ಘೋರ, ಹಸಿರು ಕಡಿಮೆ. ಹಸಿರೆಂದರೆ ಕುಡಿಯಬಹುದು ಎಂದೂ ಅಲ್ಲ.

ಹೊಡೆಯುವವನಿಗೆ ಬೆವರು ಹೆಚ್ಚಿ, ಬಾಯಲ್ಲಿ ಜೊಲ್ಲು ಸುರಿದು, ವಾಂತಿಯಾಗಿ, ಕಣ್ಣಿನ ಪಾಪೆ ಸಣ್ಣಗಾದರೆ ಮಜ್ಜಿಗೆ ಕುಡಿಸಿ ಮರದಡಿ ಮಲಗಿಸುವುದು ಚಿಕಿತ್ಸೆಯಲ್ಲ. ಬಟ್ಟೆ ಬಿಚ್ಚಿ, ಮೈ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಯಾವ ವಿಷ ಎಂದು ಡಾಕ್ಟರಿಗೆ ತಿಳಿಯುವುದು ಆ ಡಬ್ಬಿಯಿಂದ. ಅದನ್ನು ಖಾಲಿಯಾದ ತಕ್ಷಣ ಕಾಲುವೆಗೆ ಎಸೆಯುವವರು ಊರಿನ ದನಕರುವಿಗೂ ಪಾಲು ಕೊಡುತ್ತಿದ್ದಾರೆ.

ತೆರಕಣಾಂಬಿಯಲ್ಲಿ ಲೋಡ್ ಆದ ತರಕಾರಿ ಘಟ್ಟ ಇಳಿದು ಕೇರಳಕ್ಕೆ ಹೋಗುತ್ತದೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು ವೆಳ್ಳಾಯಣಿಯ ಪ್ರಯೋಗಾಲಯದಲ್ಲಿ ಮಾರುಕಟ್ಟೆಯ ತರಕಾರಿಯಲ್ಲಿ ಉಳಿದ ವಿಷವನ್ನು ಅಳೆಯುತ್ತಾರೆ. ಅಳೆದರೆ ನಮಗೆ ಕೋಪ. ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕೆಂದು ಚೀಟಿಯಲ್ಲಿದೆ. ರೇಟು ಏರಿದ ದಿನ ಅದನ್ನು ಯಾರು ನೋಡುತ್ತಾರೆ? ಮನೆಗೆಂದು ಬೇರೆ ಸಾಲು ಬೆಳೆದುಕೊಂಡು ಅದಕ್ಕೆ ಔಷಧಿ ಹೊಡೆಯದೆ ಬಿಡುವವರು ಮಾತ್ರ ಲೆಕ್ಕ ಚೆನ್ನಾಗಿ ಬಲ್ಲರು.

ಕೃಷಿ ಇಲಾಖೆಯವರೂ ಸುಮ್ಮನೆ ಕೂರಬಾರದು. ಪಂಪಿಗೆ ಸಬ್ಸಿಡಿ ಕೊಟ್ಟು ಫೋಟೊ ತೆಗೆಸಿಕೊಂಡರೆ ಆಯಿತೇ? ಆ ದಿನವೇ ಒಂದು ಗುಂಟೆ ಅಳೆದು ಹೊಡೆದು ತೋರಿಸಲು ಎಷ್ಟು ಹೊತ್ತು ಬೇಕು? ರೈತರಿಗೂ ನೆಪವಿಲ್ಲ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಉಚಿತ, ಕನ್ನಡದಲ್ಲೇ ಉತ್ತರ ಸಿಗುತ್ತದೆ.

ಕೊನೆಯದಾಗಿ, ಕೂಲಿಯವರನ್ನು ಕರೆಸಿ ಹೊಡೆಸುವ ಜಮೀನ್ದಾರರೇ, ಟ್ಯಾಂಕಿಗೆ ಇಷ್ಟು ಎಂದು ದುಡ್ಡು ಮಾತಾಡುವವರು ನೀವೇ. ಟ್ಯಾಂಕ್ ಲೆಕ್ಕದಲ್ಲಿ ದುಡಿಯುವವನಿಗೆ ಟ್ಯಾಂಕ್ ಬೇಗ ಖಾಲಿಯಾಗಬೇಕು. ಅದಕ್ಕೇ ಅವನು ನಾಜಲಿನ ತೂತು ಅಗಲ ಮಾಡುತ್ತಾನೆ, ಓಡುತ್ತಾ ಹೊಡೆಯುತ್ತಾನೆ, ಗಾಳಿಯ ದಿಕ್ಕು ನೋಡುವುದಿಲ್ಲ. ಅವನನ್ನು ಬೈಯುವ ಮೊದಲು ಲೆಕ್ಕ ಬದಲಿಸಿ, ದಿನದ ಕೂಲಿ ಕೊಡಿ. ಎಷ್ಟು ನೀರಿಗೆ ಎಷ್ಟು ಔಷಧಿ ಎಂಬುದನ್ನು ನೀವೇ ಅಳೆದು ಕೊಡಿ, ಬದುವಿನ ಮೇಲೆ ನಿಂತು ಕೂಗಿ ಹೇಳಬೇಡಿ. ಕೈಗವಸು, ಮುಖಕ್ಕೆ ಮಾಸ್ಕು, ತುಂಬುತೋಳಿನ ಅಂಗಿ ಒದಗಿಸುವುದು ನಿಮ್ಮ ಜವಾಬ್ದಾರಿ. ಕೆಲಸ ಮುಗಿದ ಮೇಲೆ ಅವನು ಮೈ ತೊಳೆದುಕೊಳ್ಳಲು ಸೋಪು ಮತ್ತು ಎರಡು ಬಕೆಟ್ ನೀರು ಕೂಡ.